ಆಂಟಾಸಿಡ್ ಮಾತ್ರೆಯಲ್ಲಿ ಔಷಧ ಎಷ್ಟಿದೆ? ಆಮ್ಲದಿಂದ ಅಳೆಯುವ ಬಗೆ

ಎದೆಯುರಿಗೆಂದು ಅಗಿದು ತಿನ್ನುವ ಮಾತ್ರೆಯ ಪಟ್ಟಿಯ ಮೇಲೆ ‘ಕ್ಯಾಲ್ಸಿಯಂ ಕಾರ್ಬೊನೇಟ್ 500 ಮಿ.ಗ್ರಾಂ’ ಎಂದು ಬರೆದಿರುತ್ತದೆ. ಮಾತ್ರೆಯನ್ನು ತೂಗಿದರೆ ಅದರ ಇಮ್ಮಡಿಗಿಂತ ಹೆಚ್ಚು ಬರುವುದೂ ಉಂಟು. ಉಳಿದದ್ದು ಸಕ್ಕರೆ, ಪಿಷ್ಟ, ಬಣ್ಣ, ಸುವಾಸನೆ ಮತ್ತು ಮಾತ್ರೆ ಪುಡಿಯಾಗದಂತೆ ಹಿಡಿದಿಡುವ ಅಂಟು ಪದಾರ್ಥ. ಇವುಗಳ ನಡುವೆ ಔಷಧ ಯಾವುದು ಎಂದು ತಕ್ಕಡಿ ಹೇಳಲಾರದು. ಹೈಡ್ರೋಕ್ಲೋರಿಕ್ ಆಮ್ಲ ಹೇಳುತ್ತದೆ, ಏಕೆಂದರೆ ಅದು ಸಕ್ಕರೆಯನ್ನು ಬಿಟ್ಟು ಕಾರ್ಬೊನೇಟ್ ಅನ್ನೇ ಹಿಡಿಯುತ್ತದೆ. ನಮ್ಮ ಜಠರದಲ್ಲಿರುವುದೂ ಇದೇ ಆಮ್ಲ. ಹಾಗಾಗಿ ಈ ಪ್ರಯೋಗ, ಮಾತ್ರೆ ಹೊಟ್ಟೆಯಲ್ಲಿ ಮಾಡುವ ಕೆಲಸವನ್ನೇ ಫ್ಲಾಸ್ಕಿನಲ್ಲಿ ಮಾಡಿಸಿ ಲೆಕ್ಕ ಇಡುತ್ತದೆ.

ಲೆಕ್ಕದ ಆಧಾರ ಒಂದೇ ಸಾಲು:

ಕ್ಯಾಲ್ಸಿಯಂ ಕಾರ್ಬೊನೇಟ್ + 2 ಹೈಡ್ರೋಕ್ಲೋರಿಕ್ ಆಮ್ಲ → ಕ್ಯಾಲ್ಸಿಯಂ ಕ್ಲೋರೈಡ್ + ನೀರು + ಕಾರ್ಬನ್ ಡೈಆಕ್ಸೈಡ್

ಇಲ್ಲಿರುವ ‘2’ ಎಂಬ ಅಂಕಿಯನ್ನು ಮರೆತವರ ಉತ್ತರ ಸರಿಯಾಗಿ ಎರಡು ಪಟ್ಟಾಗುತ್ತದೆ. ಒಂದು ಮೋಲ್ (ಕಣಗಳನ್ನು ಎಣಿಸುವ ನಿಗದಿತ ಅಳತೆ) ಕ್ಯಾಲ್ಸಿಯಂ ಕಾರ್ಬೊನೇಟ್ ಎರಡು ಮೋಲ್ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಒಂದು ಮೋಲ್ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದರೆ 100.09 ಗ್ರಾಂ. ಸ್ಟಾಯ್ಕಿಯೊಮೆಟ್ರಿ ಎಂದು ಪಠ್ಯಪುಸ್ತಕಗಳು ಕರೆಯುವುದು ಈ ಅನುಪಾತದ ಲೆಕ್ಕವನ್ನೇ. ನಾವು ಕಣ್ಣಾರೆ ಅಳೆಯುವುದು ಆಮ್ಲವನ್ನು. ಕಾರ್ಬೊನೇಟ್‌ನ ತೂಕವನ್ನು ಸಮೀಕರಣದಿಂದ ಪಡೆಯುತ್ತೇವೆ.

ನೇರವಾಗಿ ಏಕೆ ಅಳೆಯಬಾರದು?

ಮಾತ್ರೆಯ ಪುಡಿಯನ್ನು ನೀರಿಗೆ ಹಾಕಿ, ಹನಿಹನಿಯಾಗಿ ಬಿಟ್ಟು ಅಳೆಯುವ ಗಾಜಿನ ಕೊಳವೆಯಾದ ಬ್ಯೂರೆಟ್‌ನಿಂದ ಆಮ್ಲ ಬಿಡುತ್ತಾ ಹೋದರೆ ಸಾಲದೇ ಎಂಬ ಪ್ರಶ್ನೆ ಸಹಜ. ಸಾಲದು. ಕ್ಯಾಲ್ಸಿಯಂ ಕಾರ್ಬೊನೇಟ್ ನೀರಿನಲ್ಲಿ ಕರಗುವುದೇ ಇಲ್ಲವೆನ್ನಬೇಕು. ಆಮ್ಲದ ಹನಿ ಬಿದ್ದಾಗ ಸೂಚಕದ (ಆಮ್ಲ ಮುಗಿಯಿತೇ, ಉಳಿಯಿತೇ ಎಂದು ಬಣ್ಣದಿಂದ ತೋರಿಸುವ ಪದಾರ್ಥ) ಬಣ್ಣ ಬದಲಾಗುತ್ತದೆ, ತಳದಲ್ಲಿದ್ದ ಕಣಗಳು ನಿಧಾನವಾಗಿ ಆ ಆಮ್ಲವನ್ನು ಹೀರಿದಾಗ ಬಣ್ಣ ಹಿಂದಿರುಗುತ್ತದೆ. ಕೊನೆಯ ಬಿಂದು ಯಾವುದೆಂದು ಹೇಳಲು ಬರುವುದಿಲ್ಲ. ಅದಕ್ಕೇ ಹಿಮ್ಮುಖ ಅನುಮಾಪನ: ಮೊದಲು ಬೇಕಾದದ್ದಕ್ಕಿಂತ ಹೆಚ್ಚು ಆಮ್ಲವನ್ನು ಅಳೆದು ಹಾಕಿ ಕಾರ್ಬೊನೇಟ್ ಪೂರ್ತಿ ಮುಗಿಯುವಂತೆ ಮಾಡುವುದು, ಆಮೇಲೆ ಉಳಿದ ಆಮ್ಲವನ್ನು ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಅಳೆಯುವುದು. ಹಾಕಿದ್ದರಲ್ಲಿ ಉಳಿದದ್ದನ್ನು ಕಳೆದರೆ ಮಾತ್ರೆ ತಿಂದದ್ದು ಸಿಗುತ್ತದೆ.

ಮಾಡುವ ಕ್ರಮ

ಇದು ಪ್ರಯೋಗಾಲಯದ ಕೆಲಸ. ಕನ್ನಡಕ, ಕೈಗವಸು ಇರಲಿ. ನಿಗದಿತ ಅಳತೆಯ ದ್ರವವನ್ನು ಹೀರಿ ತೆಗೆಯುವ ಪಿಪೆಟ್‌ಗೆ ಬಾಯಿ ಹಚ್ಚಬೇಡಿ. ಸಾಧ್ಯವಾದರೆ ಬಿಳಿ ಮಾತ್ರೆಯನ್ನೇ ಆರಿಸಿ. ಗುಲಾಬಿ ಮಾತ್ರೆಯ ಬಣ್ಣ ನೀರಿಗಿಳಿದರೆ ಸೂಚಕದ ಗುಲಾಬಿ ಎಲ್ಲಿ ಶುರುವಾಯಿತೆಂದು ತಿಳಿಯುವುದೇ ಇಲ್ಲ.

1. ಕೆಲವು ಮಾತ್ರೆಗಳನ್ನು ಒಟ್ಟಿಗೆ ತೂಗಿ ಸರಾಸರಿ ತೂಕ ಬರೆದುಕೊಳ್ಳಿ. ಕಲ್ಬತ್ತಿನಲ್ಲಿ ನುಣ್ಣಗೆ ಅರೆದು ಚೆನ್ನಾಗಿ ಬೆರೆಸಿ.

2. ಅರ್ಧ ಮಾತ್ರೆಯಷ್ಟು ಪುಡಿಯನ್ನು ನಿಖರವಾಗಿ ತೂಗಿ ಶಂಕುವಿನಾಕಾರದ ಫ್ಲಾಸ್ಕಿಗೆ ಹಾಕಿ. ಸರಾಸರಿ ತೂಕ 1.300 ಗ್ರಾಂ ಇದ್ದರೆ 0.650 ಗ್ರಾಂ.

3. 0.1 ಮೋಲಾರ್ (ಲೀಟರಿಗೆ 0.1 ಮೋಲ್ ಇರುವ) ಹೈಡ್ರೋಕ್ಲೋರಿಕ್ ಆಮ್ಲವನ್ನು 25 ಮಿ.ಲೀ. ಪಿಪೆಟ್‌ನಿಂದ ಮೂರು ಬಾರಿ, ಒಟ್ಟು 75 ಮಿ.ಲೀ. ಹಾಕಿ. ನೊರೆ ಉಕ್ಕಿ ಹೊರಗೆ ಚೆಲ್ಲದಂತೆ ಮೊದಲ ಸುತ್ತನ್ನು ನಿಧಾನವಾಗಿ ಬಿಡಿ.

4. ಗುಳ್ಳೆ ನಿಂತ ಮೇಲೆ ಕೆಲವು ನಿಮಿಷ ಮೆಲ್ಲಗೆ ಕುದಿಸಿ, ತಣಿಸಿ.

5. ಎರಡು ಮೂರು ಹನಿ ಫಿನಾಲ್ಫ್ಥಲೀನ್ ಸೂಚಕ ಹಾಕಿ, 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಅನ್ನು ಬ್ಯೂರೆಟ್‌ನಿಂದ ಬಿಡಿ. ತೆಳು ಗುಲಾಬಿ ಅರ್ಧ ನಿಮಿಷ ಉಳಿದರೆ ನಿಲ್ಲಿಸಿ.

ನಾಲ್ಕನೆಯ ಹೆಜ್ಜೆಯನ್ನು ಅವಸರದಲ್ಲಿ ಬಿಟ್ಟುಬಿಡುವವರೇ ಹೆಚ್ಚು. ಅದು ಅಲಂಕಾರಕ್ಕಿಲ್ಲ. ದ್ರಾವಣದಲ್ಲಿ ಉಳಿದ ಕಾರ್ಬನ್ ಡೈಆಕ್ಸೈಡ್ ತಾನೂ ದುರ್ಬಲ ಆಮ್ಲವಾಗಿ ವರ್ತಿಸಿ, ಫಿನಾಲ್ಫ್ಥಲೀನ್ ಗುಲಾಬಿಯಾಗುವ ಮುನ್ನ ಒಂದಿಷ್ಟು ಹೈಡ್ರಾಕ್ಸೈಡ್ ಅನ್ನು ಕಬಳಿಸುತ್ತದೆ. ಆಮ್ಲ ಹೆಚ್ಚು ಉಳಿದಂತೆ ಕಾಣುತ್ತದೆ, ಮಾತ್ರೆಯಲ್ಲಿ ಔಷಧ ಕಡಿಮೆ ಎಂಬ ತಪ್ಪು ತೀರ್ಪು ಬರುತ್ತದೆ. ಕುದಿಸಿದ ಮೇಲೂ ದ್ರಾವಣ ಮಸುಕಾಗಿದ್ದರೆ ಗಾಬರಿ ಬೇಡ, ಅದು ಕರಗದ ಪಿಷ್ಟ ಮತ್ತಿತರ ಪುಡಿ.

ಲೆಕ್ಕ

ಬ್ಯೂರೆಟ್ 25.4 ಮಿ.ಲೀ. ತೋರಿಸಿತು ಎನ್ನೋಣ. ಹಾಕಿದ ಆಮ್ಲ 75 × 0.1 = 7.50 ಮಿಲಿಮೋಲ್ (ಮೋಲಿನ ಸಾವಿರದ ಒಂದು ಭಾಗ). ಹೈಡ್ರಾಕ್ಸೈಡ್ ಮತ್ತು ಆಮ್ಲ ಒಂದಕ್ಕೊಂದು ಸರಿಹೋಗುವುದರಿಂದ ಉಳಿದದ್ದು 2.54 ಮಿಲಿಮೋಲ್. ಮಾತ್ರೆ ತಿಂದದ್ದು 4.96. ಇದನ್ನು ಎರಡರಿಂದ ಭಾಗಿಸಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ 2.48 ಮಿಲಿಮೋಲ್. 100.09ರಿಂದ ಗುಣಿಸಿದರೆ 248.2 ಮಿ.ಗ್ರಾಂ. ಇದು ಅರ್ಧ ಮಾತ್ರೆಯದು, ಇಡೀ ಮಾತ್ರೆಗೆ 496.4 ಮಿ.ಗ್ರಾಂ. ಪಟ್ಟಿಯ ಮೇಲಿನ ಪ್ರಮಾಣದ ಶೇ 99.3.

ಈ ಅಂಕಿಯನ್ನು ಎಷ್ಟು ನಂಬಬಹುದು? ಬ್ಯೂರೆಟ್ ಓದುವಾಗ 0.1 ಮಿ.ಲೀ. ತಪ್ಪಿದರೆ ಇಡೀ ಮಾತ್ರೆಯ ಲೆಕ್ಕದಲ್ಲಿ 1 ಮಿ.ಗ್ರಾಂ ಮಾತ್ರ ಹೆಚ್ಚುಕಡಿಮೆಯಾಗುತ್ತದೆ. ಅಪಾಯವಿರುವುದು ಬಾಟಲಿಯ ಚೀಟಿಯಲ್ಲಿ. ‘0.1 ಮೋಲಾರ್’ ಎಂದಿರುವ ಆಮ್ಲ ನಿಜಕ್ಕೂ 0.098 ಇದ್ದರೆ, ಹಾಕಿದ್ದು 7.50 ಅಲ್ಲ, 7.35 ಮಿಲಿಮೋಲ್. ಅದೇ ಬ್ಯೂರೆಟ್ ಓದಿಗೆ ಉತ್ತರ 496.4ರಿಂದ 481.4 ಮಿ.ಗ್ರಾಂಗೆ ಇಳಿಯುತ್ತದೆ. ಆಮ್ಲದಲ್ಲಿ ಶೇ 2ರ ದೋಷ, ಉತ್ತರದಲ್ಲಿ ಶೇ 3ರ ದೋಷ! ಎರಡು ದೊಡ್ಡ ಸಂಖ್ಯೆಗಳ ವ್ಯತ್ಯಾಸವನ್ನು ನಂಬಿದ ವಿಧಾನಗಳಲ್ಲೆಲ್ಲ ಹೀಗೆ ದೋಷ ಹಿಗ್ಗುತ್ತದೆ. ಆದ್ದರಿಂದಲೇ ಆಮ್ಲವನ್ನು ಬೇಕಾಬಿಟ್ಟಿ ಹೆಚ್ಚು ಸುರಿಯಬಾರದು.

ಸೋಡಿಯಂ ಹೈಡ್ರಾಕ್ಸೈಡ್ ಗಾಳಿಯ ತೇವವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಹೀರುವುದರಿಂದ ತೂಗಿ ಕರಗಿಸಿದ ಮಾತ್ರಕ್ಕೆ ಅದರ ಸಾಂದ್ರತೆ ಖಚಿತವಾಗುವುದಿಲ್ಲ. ತೂಗಿದ ತೂಕವನ್ನು ನಂಬಬಹುದಾದ ಶುದ್ಧ ಘನ ಪದಾರ್ಥವಾದ ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್ ಎದುರು ಅದನ್ನು ಪರೀಕ್ಷಿಸಿ, ಅದರ ಎದುರು ಆಮ್ಲವನ್ನು ಪರೀಕ್ಷಿಸಿ. ಈ ಶ್ರಮ ತಪ್ಪಿಸಿಕೊಂಡು ಮಾಡಿದ ಪ್ರಯೋಗದಿಂದ ತಯಾರಕರ ಮೇಲೆ ದೂರು ಹೊರಿಸುವುದು ನ್ಯಾಯವಲ್ಲ. ಒಂದಕ್ಕೊಂದು ಹೊಂದುವ ಮೂರು ಓದುಗಳಾದರೂ ಕೈಯಲ್ಲಿರಲಿ.

ಹೊರಟುಹೋದ ಅನಿಲದ ತೂಕದಿಂದಲೂ ಲೆಕ್ಕ ಹಾಕಬಹುದು. ಆದರೆ 500 ಮಿ.ಗ್ರಾಂ ಕಾರ್ಬೊನೇಟ್‌ನಿಂದ ಬರುವ ಅನಿಲ ಸುಮಾರು 220 ಮಿ.ಗ್ರಾಂ. 10 ಮಿ.ಗ್ರಾಂವರೆಗೆ ಮಾತ್ರ ತೋರಿಸುವ ತಕ್ಕಡಿಯಲ್ಲಿ ಒಂದು ಅಂಕಿ ಆಚೀಚೆಯಾದರೆ ಶೇ 4.5ರಷ್ಟು ವ್ಯತ್ಯಾಸ. ಜೊತೆಗೆ ಸ್ವಲ್ಪ ಅನಿಲ ನೀರಿನಲ್ಲೇ ಉಳಿಯುತ್ತದೆ. ಅಂದಾಜಿಗೆ ಸರಿ, ತೀರ್ಪಿಗೆ ಅಲ್ಲ.

ಪಟ್ಟಿಯನ್ನು ಓದುವಾಗಲೂ ಎಚ್ಚರ ಬೇಕು. ಬರೆದಿರುವುದು ಕ್ಯಾಲ್ಸಿಯಂ ಕಾರ್ಬೊನೇಟೋ, ಬರೀ ಕ್ಯಾಲ್ಸಿಯಮ್ಮೋ? 500 ಮಿ.ಗ್ರಾಂ ಕಾರ್ಬೊನೇಟ್‌ನಲ್ಲಿ ಕ್ಯಾಲ್ಸಿಯಂ ಇರುವುದು 200 ಮಿ.ಗ್ರಾಂ. ಮೆಗ್ನೀಸಿಯಂ ಹೈಡ್ರಾಕ್ಸೈಡ್ ಕೂಡ ಇದ್ದರೆ ಅದೂ ಮೋಲಿಗೆ ಎರಡು ಮೋಲ್ ಆಮ್ಲ ತಿನ್ನುತ್ತದೆ, ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಮೂರು. ಅಂಥ ಮಿಶ್ರಣದಲ್ಲಿ ಈ ವಿಧಾನ ಒಟ್ಟು ತಟಸ್ಥೀಕರಣ ಶಕ್ತಿಯನ್ನು ಹೇಳೀತೇ ಹೊರತು ಯಾವುದು ಎಷ್ಟು ಎಂದು ಬಿಡಿಸಿ ಹೇಳದು. ಕ್ಯಾಲ್ಸಿಯಂ ಒಂದನ್ನೇ ಅಳೆಯಬೇಕಾದರೆ ಪಿಎಚ್ ಅನ್ನು (ಆಮ್ಲ-ಕ್ಷಾರದ ಮಟ್ಟ) 12ರ ಮೇಲಕ್ಕೇರಿಸಿ, ಲೋಹದ ಅಯಾನುಗಳನ್ನು ಹಿಡಿಯುವ ಇಡಿಟಿಎ ಎಂಬ ಪದಾರ್ಥದಿಂದ ಅನುಮಾಪನ ಮಾಡಬೇಕು. ಅಲ್ಲಿ ಮೆಗ್ನೀಸಿಯಂ, ಕರಗದ ಹೈಡ್ರಾಕ್ಸೈಡ್ ಆಗಿ ಕೆಳಗಿಳಿದು ದಾರಿ ಬಿಡುತ್ತದೆ, ಅನುಪಾತವೂ ಒಂದಕ್ಕೆ ಒಂದು.