ಕಂಡರೆ ಒಂದೇ, ಎಣಿಸಿದರೆ ಎರಡು: ಹಲವರು ಸೇರಿ ನಡೆಸುವ ಕನ್ನಡ ಗ್ರಂಥಸೂಚಿಯ ರಿಪೇರಿ

ಹಲವರು ಸೇರಿ ಜೊಟೆರೊ (ಪುಸ್ತಕ, ಲೇಖನಗಳ ಉಲ್ಲೇಖ ಕೂಡಿಡುವ ತಂತ್ರಾಂಶ) ಗುಂಪಿನಲ್ಲಿ ಕನ್ನಡ ಸಂಶೋಧನೆಯ ಗ್ರಂಥಸೂಚಿ ಕಟ್ಟತೊಡಗಿದರೆ ಮೊದಮೊದಲು ಎಲ್ಲವೂ ಸಲೀಸು. ನಮೂದುಗಳು ಸಾವಿರ ದಾಟುವ ಹೊತ್ತಿಗೆ ಒಂದೇ ಪುಸ್ತಕ ಮೂರು ಕಡೆ ಕಾಣಿಸುತ್ತದೆ, ಇರುವ ಪುಸ್ತಕ ಹುಡುಕಿದರೆ ಸಿಗುವುದಿಲ್ಲ, ಕೆಲವು ಸಾಲುಗಳಲ್ಲಿ ವರ್ಷದ ಕಾಲಂ ಖಾಲಿ. ಬೈಗುಳ ಬೀಳುವುದು ಸಿಂಕ್ (ಎಲ್ಲರ ಕಂಪ್ಯೂಟರಿನ ಪ್ರತಿಗಳನ್ನು ಒಂದಾಗಿಸುವ ವ್ಯವಸ್ಥೆ) ಮೇಲೆ. ತಪ್ಪು ಬಹುಪಾಲು ಅದರದ್ದಲ್ಲ. ಕಣ್ಣಿಗೆ ಒಂದೇ ಆಗಿ ಕಾಣುತ್ತ ಕಂಪ್ಯೂಟರಿಗೆ ಬೇರೆ ಬೇರೆಯಾಗಿರುವ ನಮೂದುಗಳೇ ತೊಂದರೆಯ ಬೇರು. ಕೆಳಗಿನದು ಜೊಟೆರೊವನ್ನು ಮುಂದಿಟ್ಟುಕೊಂಡು ಬರೆದದ್ದು. ಆದರೆ ಅಕ್ಷರ, ಹೆಸರು, ಇಸವಿಯ ಮಾತು ಯಾವ ತಂತ್ರಾಂಶಕ್ಕೂ ಹೊಂದುತ್ತದೆ.

ಗುಂಪು ತೆರೆಯುವಾಗ

ಜೊಟೆರೊದಲ್ಲಿ ಮೂರು ಬಗೆಯ ಗುಂಪುಗಳಿವೆ: ಖಾಸಗಿ, ಸಾರ್ವಜನಿಕವಾದರೂ ಒಪ್ಪಿಗೆ ಪಡೆದೇ ಸೇರಬೇಕಾದದ್ದು, ಯಾರು ಬೇಕಾದರೂ ಸೇರಬಹುದಾದದ್ದು. ಗ್ರಂಥಸೂಚಿಗೆ ಎರಡನೆಯದು ಸರಿ. ತಿದ್ದುವ ಹಕ್ಕು ಇದ್ದವರಿಗೆಲ್ಲ ಅಳಿಸುವ ಹಕ್ಕೂ ಇರುತ್ತದೆ, ಎರಡನ್ನೂ ಬೇರ್ಪಡಿಸಲು ಬರುವುದಿಲ್ಲ. ಹಾಗಾಗಿ ಎರಡು ಗುಂಪು ಮಾಡಿ. ಒಂದಕ್ಕೆ ಕಚೇರಿಯ ಭಾಷೆಯಲ್ಲೇ ‘ಆವಕ’ ಎಂದು ಹೆಸರಿಡಿ. ಅಲ್ಲಿ ಯಾರು ಬೇಕಾದರೂ ಸೇರಿಸಲಿ. ಮುಖ್ಯ ಗುಂಪಿನ ಸೆಟ್ಟಿಂಗ್‌ನಲ್ಲಿ ಲೈಬ್ರರಿ ಎಡಿಟಿಂಗ್ ಅನ್ನು ಅಡ್ಮಿನ್‌ಗಳಿಗೆ ಮಾತ್ರ ಬಿಡಿ. ಇಬ್ಬರು ಅಥವಾ ಮೂವರು ಅಡ್ಮಿನ್ ಸಾಕು.

ಉಚಿತವಾಗಿ ಸಿಗುವ ಜಾಗ 300 ಎಂಬಿ. ಗುಂಪಿಗೆ ಯಾರೇ ಪಿಡಿಎಫ್ ಸೇರಿಸಿದರೂ ಅದು ಗುಂಪಿನ ಮಾಲೀಕರ ಖಾತೆಯ ಲೆಕ್ಕಕ್ಕೇ ಹೋಗುತ್ತದೆ. ಸ್ಕ್ಯಾನ್ ಮಾಡಿದ ಪುಸ್ತಕವೊಂದು 50 ಎಂಬಿ ಇದ್ದರೆ ಆರನೆಯದಕ್ಕೆ ಜಾಗ ತುಂಬಿತು. ಆಮೇಲೆ ಫೈಲುಗಳು ಮೇಲೇರುವುದಿಲ್ಲ, ನಮೂದುಗಳು ಮಾತ್ರ ಎಂದಿನಂತೆ ಸಿಂಕ್ ಆಗುತ್ತವೆ. ಅದಕ್ಕೇ ಇದು ಬಹುಕಾಲ ಯಾರ ಗಮನಕ್ಕೂ ಬರುವುದಿಲ್ಲ. ಫೈಲ್ ಇಡಲು ಸ್ವಂತ ವೆಬ್‌ಡ್ಯಾವ್ ಸರ್ವರ್ ಇದ್ದರೂ ಗುಂಪಿಗೆ ಅದು ನಡೆಯುವುದಿಲ್ಲ, ವೈಯಕ್ತಿಕ ಲೈಬ್ರರಿಗೆ ಮಾತ್ರ. ಮುಖ್ಯ ಗುಂಪಿನಲ್ಲಿ ಪಿಡಿಎಫ್ ಇಡದೆ ಕೊಂಡಿ ಮಾತ್ರ ಇಡುವುದು ಲೇಸು. ಹಕ್ಕುಸ್ವಾಮ್ಯದ ತಲೆನೋವೂ ತಪ್ಪುತ್ತದೆ.

ಜೊಟೆರೊದ ಡೇಟಾ ಫೋಲ್ಡರನ್ನು ಡ್ರಾಪ್‌ಬಾಕ್ಸ್, ಗೂಗಲ್ ಡ್ರೈವ್ ಒಳಗೆ ಇಡಲೇಬೇಡಿ. ಒಳಗಿರುವುದು ಎಸ್‌ಕ್ಯೂಲೈಟ್ ಡೇಟಾಬೇಸ್. ಅರ್ಧ ಬರೆದಿರುವಾಗಲೇ ಡ್ರೈವ್ ಅದನ್ನು ಎತ್ತಿಕೊಂಡರೆ ಫೈಲ್ ಕೆಡುತ್ತದೆ.

ಎಳೆದು ಹಾಕಿದ್ದು ನಕಲು

ನಿಮ್ಮ ಲೈಬ್ರರಿಯಿಂದ ನಮೂದೊಂದನ್ನು ಗುಂಪಿಗೆ ಎಳೆದು ಹಾಕಿದರೆ ಅಲ್ಲಿ ಹುಟ್ಟುವುದು ಪ್ರತಿ. ಆಮೇಲೆ ಗುಂಪಿನಲ್ಲಿ ಯಾರೋ ಪ್ರಕಾಶಕರ ಹೆಸರು ಸರಿಪಡಿಸಿದರೆ ನಿಮ್ಮಲ್ಲಿ ಅದು ಬದಲಾಗುವುದಿಲ್ಲ. ನೀವು ತಿದ್ದಿದ್ದು ಗುಂಪಿಗೂ ಹೋಗುವುದಿಲ್ಲ. ಇದರ ಲಕ್ಷಣ ಮೊದಲು ಕಾಣುವುದು ವರ್ಡ್ ಫೈಲಿನಲ್ಲಿ. ಇಬ್ಬರು ಸೇರಿ ಬರೆದ ಲೇಖನದಲ್ಲಿ ಒಂದೇ ಪುಸ್ತಕ 2004ಎ, 2004ಬಿ ಎಂದು ಎರಡಾಗಿ ಬಂದಿದ್ದರೆ ಒಬ್ಬರು ಗುಂಪಿನಿಂದಲೂ ಇನ್ನೊಬ್ಬರು ತಮ್ಮ ಲೈಬ್ರರಿಯಿಂದಲೂ ಉಲ್ಲೇಖ ಸೇರಿಸಿದ್ದಾರೆ ಎಂದರ್ಥ. ಉಲ್ಲೇಖದ ಮೇಲೆ ಕ್ಲಿಕ್ ಮಾಡಿ ಎಡಿಟ್ ತೆರೆದು, ಹಳೆಯದನ್ನು ತೆಗೆದು, ಗುಂಪಿನ ನಮೂದನ್ನೇ ಆರಿಸಿ. ಎ, ಬಿ ಅಕ್ಷರಗಳನ್ನು ಕೈಯಿಂದ ಅಳಿಸಿದರೆ ಮುಂದಿನ ರಿಫ್ರೆಶ್‌ಗೆ ಮತ್ತೆ ಬಂದು ಕೂರುತ್ತವೆ.

ಅಕ್ಷರಗಳ ಒಳಗೆ

ಇಲ್ಲಿಯೇ ಹೆಚ್ಚು ಹೊತ್ತು ಕೊಡಬೇಕು.

ಮೊದಲನೆಯದು ಸೊನ್ನೆ. ಅನುಸ್ವಾರ ಹಾಗೂ ಕನ್ನಡದ ಸೊನ್ನೆ ಅಂಕಿ ನೋಡಲು ಒಂದೇ ಥರ. ಅನುಸ್ವಾರದ ಯೂನಿಕೋಡ್ ಸಂಖ್ಯೆ (ಕಂಪ್ಯೂಟರಿಗೆ ಪ್ರತಿ ಅಕ್ಷರದ ಗುರುತು) 3202, ಅಂಕಿಯದು 3302. ಟೈಪ್ ಮಾಡುವವರು ಅವಸರದಲ್ಲಿ, ಚಿತ್ರದಿಂದ ಅಕ್ಷರ ಓದುವ ಓಸಿಆರ್ ತಂತ್ರಾಂಶ ಗೊಂದಲದಲ್ಲಿ, ಪದದ ನಡುವೆ ಅಂಕಿಯನ್ನೇ ಇಟ್ಟುಬಿಡುತ್ತವೆ. ‘ಸಂಪುಟ’ ಎಂದು ಹುಡುಕಿದರೆ ಅಂಥ ‘ಸ೦ಪುಟ’ ಸಿಗುವುದಿಲ್ಲ. ಪತ್ತೆ ಸುಲಭ: ಶೀರ್ಷಿಕೆಗಳನ್ನೆಲ್ಲ ಸಿಎಸ್‌ವಿ ಆಗಿ ಹೊರತೆಗೆದು ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆಯಿರಿ, ಸೊನ್ನೆ ಅಂಕಿಯನ್ನು ಕಾಪಿ ಮಾಡಿ ಹುಡುಕಿ. ಅದರ ಹಿಂದೆ ಅಕ್ಷರವಿದ್ದರೆ ಅದು ಅನುಸ್ವಾರ ಆಗಬೇಕಾಗಿದ್ದದ್ದು, ಅಂಕಿಯಿದ್ದರೆ ನಿಜವಾದ ಸೊನ್ನೆ. ಅನುಮಾನ ಬಂದರೆ ಯೂನಿಕೋಡ್ ಫಂಕ್ಷನ್‌ಗೆ ಆ ಒಂದು ಅಕ್ಷರ ಕೊಟ್ಟು ಸಂಖ್ಯೆ ನೋಡಿ.

ಎರಡನೆಯದು ದೀರ್ಘ ಸ್ವರಚಿಹ್ನೆಗಳು. ‘ಕೋಶ’ ಎಂಬಲ್ಲಿನ ಓಕಾರ 3275 ಎಂಬ ಒಂದೇ ಸಂಕೇತವಾಗಿಯೂ ಇರಬಹುದು, 3270, 3266, 3285 ಎಂಬ ಮೂರರ ಸರಪಳಿಯಾಗಿಯೂ ಇರಬಹುದು. ಪರದೆಯ ಮೇಲೆ ವ್ಯತ್ಯಾಸ ಶೂನ್ಯ. ಇದು ಕಾಡುವುದು ಹೆಚ್ಚಾಗಿ ಹೊರಗಿನ ಪಟ್ಟಿಗಳ ಜೊತೆ ಹೋಲಿಸುವಾಗ, ಹಳೆಯ ಮ್ಯಾಕ್‌ಗಳಿಂದ ಬಂದ ಫೈಲ್ ಹೆಸರುಗಳಲ್ಲಿ, ಸ್ಕ್ರಿಪ್ಟ್ ಬರೆಯುವಾಗ. ಹೋಲಿಸುವ ಮುನ್ನ ಎರಡೂ ಬದಿಯನ್ನು ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಸಂಕೇತಗಳನ್ನು ಕೂಡಿಸಿದ ಪ್ರಮಾಣಿತ ರೂಪ) ತನ್ನಿ. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ಅದು ಒಂದು ಸಾಲಿನ ಕೆಲಸ.

ಮೂರನೆಯದು ಅಗೋಚರ ಅಕ್ಷರಗಳು: 8204 ಹಾಗೂ 8205, ಅಂದರೆ ಜೋಡಣೆ ತಡೆಯುವ ಮತ್ತು ಜೋಡಣೆ ಮಾಡುವ ಶೂನ್ಯ ಅಗಲದ ಚಿಹ್ನೆಗಳು. ಎನ್‌ಎಫ್‌ಸಿ ಇವನ್ನು ಮುಟ್ಟುವುದಿಲ್ಲ. ‘ಸಾಫ್ಟ್‌ವೇರ್’ ಪದದಲ್ಲಿ ಒಬ್ಬರು 8204 ಹಾಕಿರುತ್ತಾರೆ, ಇನ್ನೊಬ್ಬರು ಇಲ್ಲ. ಸಿಟ್ಟಿನಲ್ಲಿ ಎಲ್ಲವನ್ನೂ ಕಿತ್ತು ಹಾಕಬೇಡಿ. ‘ರ‍್ಯಾಂಕ್’ ಎಂಬಲ್ಲಿ 8205 ಇರುವುದರಿಂದಲೇ ರಕಾರ ಅರ್ಕಾವತ್ತಾಗದೆ ಉಳಿದಿದೆ. ತೆಗೆದರೆ ಅದು ‘ರ್ಯಾಂಕ್’ ಆಗುತ್ತದೆ. ಮೂಲ ಶೀರ್ಷಿಕೆ ಹಾಗೇ ಇರಲಿ, ಹೋಲಿಕೆಗೆಂದು ಬೇರೆ ಕಾಲಂ ಮಾಡಿ.

ಆ ಹೋಲಿಕೆಯ ಕಾಲಂ ಹೀಗೆ ತಯಾರಾಗುತ್ತದೆ. ಶೀರ್ಷಿಕೆಯನ್ನು ಎನ್‌ಎಫ್‌ಸಿ ಮಾಡಿ, 8204 ಮತ್ತು 8205 ಬಿಟ್ಟುಬಿಡಿ, ಅಕ್ಷರವಾದ ಮೇಲೆ ಬಂದ 3302ನ್ನು 3202 ಮಾಡಿ, ಕನ್ನಡ ಅಂಕಿಗಳನ್ನು 0–9ಕ್ಕೆ ತನ್ನಿ, ಹಳಗನ್ನಡದ ಱ ಮತ್ತು ೞಗಳನ್ನು ರ, ಳ ಮಾಡಿ, ವ್ಯಂಜನಕ್ಕೆ ಮುಂಚೆ ಬಂದ ಅನುನಾಸಿಕವನ್ನು ಅನುಸ್ವಾರ ಮಾಡಿ (‘ಪಮ್ಪ’ ಎಂದು ಬರೆದವರೂ ‘ಪಂಪ’ರ ಸಾಲಿಗೇ ಬರಲಿ; ‘ಅನ್ಯ’, ‘ಜನ್ಮ’ದಂಥವು ಇದರಿಂದ ವಿಕಾರವಾದರೂ ಈ ಕಾಲಂ ಯಾರೂ ಓದುವುದಕ್ಕಲ್ಲ), ಕೊನೆಗೆ ಖಾಲಿ ಜಾಗ ಮತ್ತು ವಿರಾಮಚಿಹ್ನೆ ತೆಗೆಯಿರಿ. ಮೊದಲ 25 ಅಕ್ಷರ ಉಳಿಸಿಕೊಂಡು ವಿಂಗಡಿಸಿದರೆ ಜೊಟೆರೊದ ನಕಲು ಪಟ್ಟಿಗೆ ಕಾಣದೆ ಹೋದ ಜೋಡಿಗಳು ಒಂದರ ಕೆಳಗೊಂದು ನಿಲ್ಲುತ್ತವೆ.

ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಸಿದ್ಧವಾದ ಪಿಡಿಎಫ್‌ನಿಂದ ಕಾಪಿ ಮಾಡಿದರೆ ಕನ್ನಡದ ಬದಲು ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ಅದನ್ನು ಪರಿವರ್ತಕದಲ್ಲಿ ಹಾಯಿಸಬಹುದು. ಶೀರ್ಷಿಕೆಪುಟ ನೋಡಿ ಟೈಪ್ ಮಾಡುವುದೇ ಬೇಗ ಮುಗಿಯುತ್ತದೆ, ಎಂಟು ಪದಕ್ಕೆ ಪರಿವರ್ತಕ ಯಾಕೆ?

ಅಕಾರಾದಿಯ ಬಗ್ಗೆ ಒಂದು ಮಾತು. ಸಂಕೇತದ ಸಂಖ್ಯೆಯ ಕ್ರಮದಲ್ಲಿ ಜೋಡಿಸಿದರೆ ಳ ಅಕ್ಷರ ಲ ಮತ್ತು ವ ನಡುವೆ ಬೀಳುತ್ತದೆ. ನಿಘಂಟಿನ ಕ್ರಮದಲ್ಲಿ ಅದು ಹ ಆದ ಮೇಲೆ. ಸಂಕೇತದ ಕ್ರಮದಲ್ಲಿ ಅನುಸ್ವಾರ ಎಲ್ಲ ಸ್ವರಗಳಿಗೂ ಮೊದಲೇ ಬರುತ್ತದೆ. ಜಾಲಪುಟದಲ್ಲಿ ಪಟ್ಟಿ ತೋರಿಸುವುದಿದ್ದರೆ ಕನ್ನಡದ ಕೊಲೇಷನ್ (ವಿಂಗಡಣೆಯ ಕ್ರಮ) ಬಳಸಿ, ಅದನ್ನೂ ಕಣ್ಣು ಮುಚ್ಚಿ ನಂಬದೆ ‘ಕಲೆ, ಕವಿ, ಕಹಿ, ಕಳೆ, ಕಂದ’ದಂಥ ಹತ್ತು ಪದ ಕೊಟ್ಟು ಪರೀಕ್ಷಿಸಿ.

ಹೆಸರು, ಇಸವಿ

ಜೊಟೆರೊ ಹೆಸರನ್ನು ಎರಡು ತುಂಡು ಮಾಡುತ್ತದೆ: ಕುಲನಾಮ, ಪೂರ್ವನಾಮ. ಕನ್ನಡದ ಹೆಸರುಗಳು ಈ ಅಚ್ಚಿಗೆ ಒಗ್ಗುವುದಿಲ್ಲ. ‘ಎಂ. ಎಂ. ಕಲಬುರ್ಗಿ’ ಸರಿಯಾಗಿಯೇ ಒಡೆಯುತ್ತದೆ. ‘ಎಂ. ಚಿದಾನಂದ ಮೂರ್ತಿ’ ಎಂದು ಬಿಡಿಸಿ ಬರೆದದ್ದನ್ನು ಆಮದು ಮಾಡಿದರೆ ಕುಲನಾಮ ‘ಮೂರ್ತಿ’ ಆಗುತ್ತದೆ, ಅದೇ ಲೇಖಕರು ಇನ್ನೊಂದು ನಮೂದಿನಲ್ಲಿ ‘ಚಿದಾನಂದಮೂರ್ತಿ’ ಆಗಿ ಬೇರೆ ಅಕ್ಷರದಡಿ ಕೂರುತ್ತಾರೆ. ನಿಯಮ ಸರಳವಾಗಿರಲಿ: ಇನಿಷಿಯಲ್‌ಗಳು ಪೂರ್ವನಾಮಕ್ಕೆ, ಉಳಿದ ಹೆಸರು ಪೂರ್ತಿಯಾಗಿ ಕುಲನಾಮದ ಚೌಕಕ್ಕೆ. ಕಾವ್ಯನಾಮವಿದ್ದರೆ ಪಕ್ಕದ ಚಿಕ್ಕ ಗುರುತು ಒತ್ತಿ ಒಂದೇ ಚೌಕ ಮಾಡಿಕೊಳ್ಳಿ. ಕುವೆಂಪು ಅವರ ಪುಸ್ತಕದ ಮೇಲೆ ಕಾವ್ಯನಾಮವಿದ್ದರೆ ‘ಕುವೆಂಪು’, ಕೆ. ವಿ. ಪುಟ್ಟಪ್ಪ ಎಂದಿದ್ದರೆ ಹಾಗೇ. ಇಬ್ಬರೂ ಒಬ್ಬರೇ ಎಂಬುದನ್ನು ಶೀರ್ಷಿಕೆಪುಟ ತಿದ್ದಿ ಹೇಳಬಾರದು, ಎಕ್ಸ್‌ಟ್ರಾ ಚೌಕದಲ್ಲಿ ಲೇಖಕರ ವಿಕಿಡೇಟಾ (ಮುಕ್ತ ದತ್ತಕೋಶ) ಸಂಖ್ಯೆ ಹಾಕಿ ಹೇಳಬೇಕು.

ರೋಮನ್ ಲಿಪ್ಯಂತರ ಕೊಡುವುದಾದರೆ ಒಂದೇ ಪದ್ಧತಿ ಹಿಡಿಯಿರಿ. 2001ರ ಐಎಸ್‌ಒ 15919ರಲ್ಲಿ ಅನುಸ್ವಾರಕ್ಕೆ ಎಂ ಅಕ್ಷರದ ಮೇಲೆ ಚುಕ್ಕಿ. ಸಂಸ್ಕೃತದವರು ಬಳಸುವ ಐಎಎಸ್‌ಟಿಯಲ್ಲಿ ಕೆಳಗೆ ಚುಕ್ಕಿ. ಎರಡೂ ಬೆರೆತರೆ ಹುಡುಕಾಟ ಹಾಳು. ಲ್ಯಾಂಗ್ವೇಜ್ ಚೌಕದಲ್ಲಿ ಕನ್ನಡದ ಎರಡಕ್ಷರದ ಸಂಕೇತ (ಕೆ, ಎನ್) ತಪ್ಪದೆ ತುಂಬಿ. ಅದು ಖಾಲಿಯಿದ್ದರೆ ಷಿಕಾಗೊ ಉಲ್ಲೇಖ ಶೈಲಿ ಲಿಪ್ಯಂತರವನ್ನು ಇಂಗ್ಲಿಷ್ ಎಂದೇ ಎಣಿಸಿ ಪದಪದಕ್ಕೂ ದೊಡ್ಡಕ್ಷರ ಏರಿಸುತ್ತದೆ.

ದಿನಾಂಕದ ಚೌಕದಲ್ಲಿ ‘೧೯೪೦’ ಎಂದು ಬರೆದರೆ ತಂತ್ರಾಂಶಕ್ಕೆ ವರ್ಷ ಕಾಣುವುದಿಲ್ಲ. ಖಾಲಿ ಕಾಲಂನ ಗುಟ್ಟು ಇದು. 1940 ಎಂದೇ ಬರೆಯಿರಿ. ಹಳೆಯ ಪುಸ್ತಕಗಳಲ್ಲಿ ಶಕ ವರ್ಷವಿದ್ದರೆ 78 ಕೂಡಿಸಿ, ಜನವರಿಯಿಂದ ಯುಗಾದಿಯವರೆಗಿನದಾದರೆ 79. ಬರೀ ಸಂವತ್ಸರ ಇದ್ದರೆ ಎಚ್ಚರ: ವಿಕ್ರಮ ಸಂವತ್ಸರ 1940–41ರಲ್ಲೂ ಬಂದಿತ್ತು, 2000–01ರಲ್ಲೂ ಬಂದಿತ್ತು. ಮುದ್ರಣಾಲಯ, ಬೆಲೆ, ಮುನ್ನುಡಿ ನೋಡಿ ತೀರ್ಮಾನಿಸಿ, ಪುಟದ ಮೇಲಿದ್ದ ಮೂಲ ಮಾತನ್ನು ಎಕ್ಸ್‌ಟ್ರಾದಲ್ಲಿ ಉಳಿಸಿ.

ಕೂಡಿಸುವುದು, ಅಳಿಸದೆ

ನಕಲು ಸಿಕ್ಕಾಗ ಒಂದನ್ನು ಅಳಿಸುವುದು ಸಹಜ ಚಪಲ. ಅಳಿಸಿದ್ದನ್ನೇ ಯಾರೋ ತಮ್ಮ ಪ್ರಬಂಧದಲ್ಲಿ ಉಲ್ಲೇಖಿಸಿದ್ದರೆ ಆ ಕೊಂಡಿ ಕಡಿಯಿತು. ಮರ್ಜ್ ಮಾಡಿದರೆ, ಅಂದರೆ ಎರಡನ್ನೂ ಕೂಡಿಸಿದರೆ, ಉಳಿದ ನಮೂದು ಹೋದದ್ದರ ಗುರುತನ್ನು ಒಳಗೆ ಇಟ್ಟುಕೊಳ್ಳುತ್ತದೆ, ವರ್ಡ್ ಫೈಲ್ ಅದನ್ನು ಹಿಡಿದು ಹೊಸದಕ್ಕೆ ಬರುತ್ತದೆ. ಎರಡನ್ನೂ ಆರಿಸಿ, ಬಲಗಡೆಯ ಪಟ್ಟಿಯಲ್ಲಿ ಯಾವುದು ಮೂಲ ಎಂದು ಗೊತ್ತುಮಾಡಿ, ಭಿನ್ನವಾಗಿರುವ ಚೌಕಗಳ ಪಕ್ಕದ ಗುರುತು ಒತ್ತಿ ಒಂದೊಂದಾಗಿ ಸರಿಯಾದದ್ದನ್ನು ಆರಿಸಿ. ಒಂದು ‘ಪುಸ್ತಕ’, ಇನ್ನೊಂದು ‘ಪುಸ್ತಕದ ಅಧ್ಯಾಯ’ ಆಗಿದ್ದರೆ ಮರ್ಜ್ ಒಪ್ಪುವುದಿಲ್ಲ. ಮೊದಲು ಐಟಂ ಟೈಪ್ ಬದಲಿಸಿ.

ಮರ್ಜ್ ಮಾಡಬಾರದ್ದೂ ಇದೆ. ಬಹುಸಂಪುಟದ ಗ್ರಂಥಗಳಲ್ಲಿ ಶೀರ್ಷಿಕೆ ಒಂದೇ, ಸಂಪುಟ ಬೇರೆ; ಇಡೀ ಸೆಟ್‌ಗೆ ಒಂದೇ ಐಎಸ್‌ಬಿಎನ್ ಇದ್ದರಂತೂ ನಕಲಿನ ಪಟ್ಟಿಗೆ ಬಂದು ಕೂರಬಹುದು. ಪರಿಷ್ಕೃತ ಆವೃತ್ತಿ ಬೇರೆ ನಮೂದು, ಪುಟಸಂಖ್ಯೆ ಬದಲಾಗದ ಮರುಮುದ್ರಣ ಬೇಡ. 2007ಕ್ಕೆ ಮುಂಚಿನ ಹತ್ತಂಕಿಯ ಐಎಸ್‌ಬಿಎನ್‌ಗಳನ್ನು ಹೊರಗಿನ ಪಟ್ಟಿಯೊಡನೆ ಹೋಲಿಸುವಾಗ ಹದಿಮೂರಂಕಿ ಮಾಡಿಕೊಳ್ಳಿ: ಮುಂದೆ 978, ಆಮೇಲೆ ಹಳೆಯದರ ಮೊದಲ ಒಂಬತ್ತಂಕಿ; ಈ ಹನ್ನೆರಡನ್ನು 1 ಮತ್ತು 3ರಿಂದ ಸರದಿಯಂತೆ ಗುಣಿಸಿ ಕೊನೆಯ ಅಂಕಿಯನ್ನು ಹೊಸದಾಗಿ ಲೆಕ್ಕ ಹಾಕಬೇಕು.

ಜಾಲಪುಟಕ್ಕೆ ಹರಿಸುವಾಗ

ಗುಂಪನ್ನು ನಿಮ್ಮ ತಾಣದಲ್ಲಿ ತೋರಿಸಲು ಎಪಿಐ (ಸ್ಕ್ರಿಪ್ಟುಗಳು ಜೊಟೆರೊ ಸರ್ವರಿನಿಂದ ನಮೂದು ಕೇಳಿ ಪಡೆಯುವ ದಾರಿ) ಸಾಕು. ಸಾರ್ವಜನಿಕ ಲೈಬ್ರರಿ ಓದಲು ಕೀ (ಗುಪ್ತ ಸಂಕೇತ) ಬೇಕಿಲ್ಲ, ಪುಟದ ಕೋಡಿನಲ್ಲಿ ಕೀ ಬಿಟ್ಟು ಹೋಗಬೇಡಿ. ಏನೂ ಹೇಳದಿದ್ದರೆ ಒಮ್ಮೆಗೆ 25 ನಮೂದು ಬರುತ್ತವೆ, ಗರಿಷ್ಠ 100. ‘ನಮ್ಮ ಸೈಟಿನಲ್ಲಿ ನೂರೇ ಪುಸ್ತಕ ಕಾಣುತ್ತವೆ’ ಎಂಬ ದೂರಿಗೆ ಇದೇ ಕಾರಣ. ಉತ್ತರದ ಹೆಡರಿನಲ್ಲಿರುವ ಒಟ್ಟು ಸಂಖ್ಯೆ ನೋಡಿ ಮುಂದಿನ ಪುಟಗಳನ್ನು ಕೇಳಬೇಕು. ಲೈಬ್ರರಿಗೆ ವರ್ಷನ್ ಸಂಖ್ಯೆಯೊಂದಿದೆ. ಕಳೆದ ಬಾರಿಯದನ್ನು ಬರೆದಿಟ್ಟುಕೊಂಡು ಅದರ ನಂತರ ಬದಲಾದದ್ದಷ್ಟನ್ನೇ ತರಿಸಿ. ಆದರೆ ಅಳಿಸಿದವು ಆ ಪಟ್ಟಿಯಲ್ಲಿ ಬರುವುದಿಲ್ಲ, ಬೇರೆ ವಿಳಾಸದಲ್ಲಿ ಕೇಳಬೇಕು. ಕಸದಬುಟ್ಟಿಯಲ್ಲಿ ಇನ್ನೂ ಕೂತಿರುವವು ಎರಡರಲ್ಲೂ ಇರುವುದಿಲ್ಲ, ಅದನ್ನು ಮೂರನೆಯದಾಗಿ ಕೇಳಬೇಕು. ಇದು ಗೊತ್ತಿಲ್ಲದ ತಾಣಗಳಲ್ಲಿ ಸತ್ತ ನಮೂದುಗಳು ದೆವ್ವದಂತೆ ಉಳಿದಿರುತ್ತವೆ. ಸ್ಕ್ರಿಪ್ಟಿನಿಂದ ಬರೆಯುವುದಾದರೆ ಒಮ್ಮೆಗೆ 50 ನಮೂದು ಮಿತಿ. ಸರ್ವರಿನಿಂದ 412 ಎಂಬ ದೋಷಸಂಕೇತ ಬಂದರೆ ನಡುವೆ ಬೇರೆ ಯಾರೋ ತಿದ್ದಿದ್ದಾರೆ, ಹೊಸದನ್ನು ತಂದು ಮತ್ತೆ ಪ್ರಯತ್ನಿಸಿ, ಬಲವಂತ ಬೇಡ.

ಕೊಂಡಿ ಪರೀಕ್ಷಿಸುವ ಸ್ಕ್ರಿಪ್ಟ್ 404 (ಪುಟ ಇಲ್ಲ) ಮತ್ತು 403ನ್ನು (ಪ್ರವೇಶ ಇಲ್ಲ) ಬೇರೆಯಾಗಿ ಎಣಿಸಲಿ. ಪ್ರಕಾಶಕರ ತಾಣಗಳು ಸ್ಕ್ರಿಪ್ಟನ್ನು ಕಂಡರೆ 403 ಕೊಟ್ಟು ಓಡಿಸುತ್ತವೆ, ಬ್ರೌಸರಿನಲ್ಲಿ ಅದೇ ಕೊಂಡಿ ಚೆನ್ನಾಗಿ ತೆರೆಯುತ್ತದೆ.

ಸಿಂಕ್ ಬ್ಯಾಕಪ್ ಅಲ್ಲ. ಒಬ್ಬರು ಅಳಿಸಿದರೆ ಎಲ್ಲರ ಕಂಪ್ಯೂಟರಿನಲ್ಲೂ ಅಳಿಯುತ್ತದೆ, ಚೌಕಚೌಕದ ಹಳೆಯ ಇತಿಹಾಸವೂ ಜೊಟೆರೊದಲ್ಲಿ ಇಲ್ಲ. ದಿನಕ್ಕೊಮ್ಮೆ ಇಡೀ ಗುಂಪನ್ನು ಜೇಸನ್ (ಸಾದಾ ಪಠ್ಯದ ಒಂದು ರೂಪ) ಆಗಿ ಇಳಿಸಿ, ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್‌ನಲ್ಲಿ ಇಡಿ, ಒಂದು ನಮೂದಿಗೆ ಒಂದು ಫೈಲ್, ಫೈಲಿನ ಹೆಸರು ನಮೂದಿಗೆ ಜೊಟೆರೊ ಕೊಟ್ಟ ಎಂಟಕ್ಷರದ ಗುರುತು, ಅಂದರೆ ಕೀ. ಎಲ್ಲವನ್ನೂ ಒಂದೇ ಫೈಲಿಗೆ ಸುರಿದರೆ ಕ್ರಮ ಬದಲಾದಾಗಲೆಲ್ಲ ಇಡೀ ಫೈಲ್ ಬದಲಾದಂತೆ ತೋರಿಸುತ್ತದೆ, ಯಾರು ಏನು ಕೆಡಿಸಿದರೆಂದು ತಿಳಿಯುವುದಿಲ್ಲ. ಮೂರು ತಿಂಗಳಿಗೊಮ್ಮೆ ಆ ಪ್ರತಿಯಿಂದ ಹತ್ತು ನಮೂದುಗಳನ್ನು ‘ಆವಕ’ ಗುಂಪಿಗೆ ವಾಪಸ್ ಹಾಕಿ ನೋಡಿ. ಹಾಗೆ ಮರಳಿ ಬಂದವಕ್ಕೆ ಹೊಸ ಕೀ ಸಿಗುತ್ತದೆ, ವರ್ಡ್ ಫೈಲುಗಳಿಗೆ ಅವು ಅಪರಿಚಿತ. ಹಾಗಾಗಿ ಮುಖ್ಯ ಗುಂಪಿನಲ್ಲಿ ಏನಾದರೂ ಕಳೆದರೆ ಮೊದಲು ಕಸದಬುಟ್ಟಿ ನೋಡಿ, ಆಮೇಲೆ ಗಿಟ್.