ತಲಪಾಡಿ ದಾಟಿದ ಮೇಲೆ ರೆಸ್ಯೂಮೆ

ಮದುವೆಯಾಗಿ ಬಂದವರು, ಬ್ಯಾಂಕಿನ ವರ್ಗಾವಣೆಯಲ್ಲಿ ಬಂದವರು, ಗಂಡನ ಕೆಲಸದ ಹಿಂದೆ ಬಂದವರು. ಹೀಗೆ ಪ್ರತಿ ವರ್ಷ ಒಂದಷ್ಟು ಕನ್ನಡಿಗರು ತಲಪಾಡಿಯ ಗಡಿ ದಾಟಿ ಕೇರಳದ ಕಾಸರಗೋಡಿಗೆ ಬಂದು ಸೇರುತ್ತಾರೆ. ಕೆಲಸ ಹುಡುಕಲು ಹೊರಟಾಗ ಎಲ್ಲರದ್ದೂ ಒಂದೇ ಮಾತು: "ಇಲ್ಲೂ ಕನ್ನಡ ಮಾತಾಡ್ತಾರಲ್ವಾ? ಹಳೇ ರೆಸ್ಯೂಮೆಯಲ್ಲಿ ವಿಳಾಸ ಬದಲಾಯಿಸಿದರೆ ಆಯ್ತು." ಆಗುವುದಿಲ್ಲ. ಬದಿಯಡ್ಕ ಪೇಟೆಯಲ್ಲಿ ಕನ್ನಡ ಬೋರ್ಡು ಕಂಡ ಕೂಡಲೇ ಇನ್ನೂ ಪುತ್ತೂರಿನಲ್ಲೇ ಇದ್ದೇವೆ ಅನ್ನಿಸುತ್ತದೆ, ನಿಜ. ಆದರೆ ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಇಲ್ಲಿನ ಕಾಗದಪತ್ರಗಳೆಲ್ಲ ತಿರುವನಂತಪುರದ ಕಡೆಗೇ ಹೋಗುತ್ತವೆ.

ಸರ್ಕಾರಿ ಕೆಲಸಕ್ಕೆ ರೆಸ್ಯೂಮೆಯೇ ಬೇಡ. ಕೇರಳ ಪಿಎಸ್‌ಸಿಯ ವೆಬ್‌ಸೈಟಿನಲ್ಲಿ ಒಮ್ಮೆ ನೋಂದಾಯಿಸಿಕೊಂಡರೆ ಮುಂದಿನ ಅರ್ಜಿಗಳೆಲ್ಲ ಅದರಿಂದಲೇ. ಫೋಟೋದ ಕೆಳಗೆ ಹೆಸರು, ತೆಗೆದ ದಿನಾಂಕ ಇರಬೇಕು. ಹೆಸರು ಎಸ್‌ಎಸ್‌ಎಲ್‌ಸಿಯಲ್ಲಿ ಇದ್ದ ಹಾಗೇ ಇರಲಿ.

ಜೂನ್ ಹೊತ್ತಿಗೆ ಶಾಲೆಗಳಲ್ಲಿ ದಿನವೇತನದ ಶಿಕ್ಷಕರಿಗೆ ಸಂದರ್ಶನ ನಡೆಯುತ್ತದೆ. ರೆಸ್ಯೂಮೆ ಬೇಕಾಗುವುದು ಅಲ್ಲಿ. ಪಿಯುಸಿ ಎಂದು ಬರೆದರೆ ಪಕ್ಕದಲ್ಲಿ ಪ್ಲಸ್ ಟು ಎಂದೂ ಬರೆಯಿರಿ. ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದ್ದರೆ ಯುಪಿ (ಅಪ್ಪರ್ ಪ್ರೈಮರಿ) ಎಂದು ಹೇಳಿ. ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲೂ ಕರ್ನಾಟಕದ ಟಿಇಟಿ ಬೇರೆ, ಇಲ್ಲಿನ ಕೆ-ಟೆಟ್ ಬೇರೆ.

ನನ್ನ ಹೊಟ್ಟೆ ಇವತ್ತಿಗೂ ಉರಿಯುವುದು ಸೆಟ್ ವಿಷಯದಲ್ಲಿ. ಕರ್ನಾಟಕದ ಕೆ-ಸೆಟ್ ಪಾಸಾದರೆ ಕಾಲೇಜಿನ ಸಹಾಯಕ ಪ್ರಾಧ್ಯಾಪಕರಾಗುವ ಅರ್ಹತೆ, ಅದೂ ಆ ರಾಜ್ಯದೊಳಗೆ ಮಾತ್ರ. ಕೇರಳದ ಸೆಟ್ ಹೈಯರ್ ಸೆಕೆಂಡರಿ ಶಿಕ್ಷಕರಿಗೆ. ನಾನು ಇದು ತಿಳಿಯದೆ ಸೆಟ್ ಎಂದು ದಪ್ಪಕ್ಷರದಲ್ಲಿ ಬರೆದು ಒಂದು ಹೈಯರ್ ಸೆಕೆಂಡರಿ ಶಾಲೆಯ ಸಂದರ್ಶನಕ್ಕೆ ಹೋದೆ. ಸರ್ಟಿಫಿಕೇಟ್ ತಿರುಗಿಸಿ ನೋಡಿದವರು "ಟೀಚರೇ, ಇದು ಆ ಸೆಟ್ ಅಲ್ಲವಲ್ಲ" ಎಂದರು. ಸುಳ್ಳು ಬರೆದು ಸಿಕ್ಕಿಬಿದ್ದವಳ ಹಾಗೆ ನಿಂತಿದ್ದೆ. ಇಲ್ಲಿ ಕಾಲೇಜಿನ ಪಾಠಕ್ಕೆ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಎನ್‌ಇಟಿ ಪಾಸಾಗಿದ್ದರೆ ಚಿಂತೆಯಿಲ್ಲ. ಗೆಸ್ಟ್ ಲೆಕ್ಚರರ್ ಆಗುವವರು ಕಾಲೇಜು ಶಿಕ್ಷಣ ಇಲಾಖೆಯ ಕೋಯಿಕ್ಕೋಡ್ ಕಚೇರಿಯಲ್ಲಿ ಮೊದಲೇ ಹೆಸರು ನೋಂದಾಯಿಸಿಕೊಳ್ಳಬೇಕು.

ರೆಸ್ಯೂಮೆ, ಸಿವಿ ಎರಡೂ ಒಂದೇ ಅಂದುಕೊಂಡವರು ಜಾಸ್ತಿ. ಕಂಪನಿಗೆ, ಆಸ್ಪತ್ರೆಗೆ, ಖಾಸಗಿ ಶಾಲೆಗೆ ಒಂದೋ ಎರಡೋ ಪುಟದ ರೆಸ್ಯೂಮೆ ಸಾಕು. ಆ ಕೆಲಸಕ್ಕೆ ಬೇಕಾದದ್ದು ಮೇಲೆ, ಉಳಿದದ್ದು ಕೆಳಗೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಗೋ ಅರ್ಜಿ ಹಾಕುವವರಿಗೆ ಬೇಕಾಗುವುದು ಸಿವಿ. ಪ್ರಬಂಧ, ಪ್ರಕಟಣೆ, ಸೆಮಿನಾರ್, ಪಾಠ ಮಾಡಿದ ವರ್ಷಗಳು ಎಲ್ಲವೂ ತಾರೀಖಿನೊಂದಿಗೆ ಇರಲಿ. ಪುಟ ಎಷ್ಟಾದರೂ ಆಗಲಿ. ಅವರದೇ ನಮೂನೆ ಕೊಟ್ಟಿದ್ದರೆ ಅದನ್ನೇ ತುಂಬಿಸಿ. ಎರಡಕ್ಕೂ ಬೇಡದ್ದು ಒಂದಿದೆ. ಮದುವೆಗೆಂದು ಮಾಡಿಸಿದ ಬಯೋಡೇಟಾದಿಂದ ಗೋತ್ರ, ನಕ್ಷತ್ರ ಮಾತ್ರ ಅಳಿಸಿ ಕೆಲಸಕ್ಕೆ ಕಳಿಸುವವರನ್ನು ನಾನು ನೋಡಿದ್ದೇನೆ. ತಂದೆಯ ಉದ್ಯೋಗ, ಅಣ್ಣ ಎಲ್ಲಿದ್ದಾನೆ ಎಂಬುದೆಲ್ಲ ಹಾಗೇ ಉಳಿದಿರುತ್ತದೆ!

ಮಂಗಳೂರಿನಲ್ಲಿ ಕೆಲಸ ಹುಡುಕುವವರಿಗೆ ತೊಡಕು ವಿಳಾಸದ್ದು. ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್. 2020ರ ಮಾರ್ಚ್‌ನಲ್ಲಿ ಕರ್ನಾಟಕ ಗಡಿ ಮುಚ್ಚಿದಾಗ ದಿನಾ ಓಡಾಡುತ್ತಿದ್ದವರ ಗತಿ ಏನಾಯಿತೆಂದು ಆ ಊರಿನವರಿಗೂ ನೆನಪಿದೆ. ಹಾಗಾಗಿ ಅಲ್ಲೇ ಉಳಿಯಲು ಸಿದ್ಧರೋ, ರೈಲಿನಲ್ಲಿ ಬಂದುಹೋಗುತ್ತೀರೋ ಎಂದು ಒಂದು ಸಾಲು ನೀವೇ ಬರೆದುಬಿಡಿ. ಗಲ್ಫಿಗೆ ಕಳಿಸುವುದಾದರೆ ಫೋಟೋ, ರಾಷ್ಟ್ರೀಯತೆ, ವೀಸಾ ಸ್ಥಿತಿ, ಡ್ರೈವಿಂಗ್ ಲೈಸೆನ್ಸ್ ಇರಲಿ. ಮಿಕ್ಕದ್ದನ್ನು ನಿಮ್ಮ ಪಕ್ಕದ ಮನೆಯವರೇ ಹೇಳಿಕೊಡುತ್ತಾರೆ, ಅವರ ಮನೆಯಲ್ಲಿ ಒಬ್ಬರಾದರೂ ದುಬೈಯಲ್ಲಿ ಇದ್ದೇ ಇರುತ್ತಾರೆ.

ಇನ್ನು ನಾವೆಲ್ಲ ಕೊನೆಗೆ ಗೀಚಿ ಮುಗಿಸುವ ಭಾಷೆಯ ಸಾಲು. ಈ ಊರಿನಲ್ಲಿ ಅದನ್ನೇ ಮೊದಲು ನೋಡುತ್ತಾರೆ. ಓದಲು, ಬರೆಯಲು, ಮಾತಾಡಲು ಎಂದು ಬೇರೆ ಬೇರೆಯಾಗಿ ಹಾಕಿ. ನಾಲ್ಕು ಮಲಯಾಳ ಸಿನಿಮಾ ನೋಡಿ "ಮಲಯಾಳ ಬರುತ್ತದೆ" ಎಂದು ಬರೆಯಬೇಡಿ, ಮೊದಲ ಪ್ರಶ್ನೆಯೇ ಆ ಭಾಷೆಯಲ್ಲಿ ಬರುತ್ತದೆ. ಅರ್ಥವಾಗುತ್ತದೆ, ಕಲಿಯುತ್ತಿದ್ದೇನೆ ಎಂದರೆ ಯಾರೂ ಹೀಯಾಳಿಸುವುದಿಲ್ಲ. ಇಲ್ಲೇ ಹುಟ್ಟಿದವರದ್ದು ಇದರ ಉಲ್ಟಾ. ತುಳು, ಬ್ಯಾರಿ, ಕೊಂಕಣಿ ಸಲೀಸಾಗಿ ಆಡುತ್ತಾರೆ, ರೆಸ್ಯೂಮೆಯಲ್ಲಿ ಒಂದರ ಹೆಸರನ್ನೂ ಹಾಕುವುದಿಲ್ಲ. ಉಪ್ಪಳದ ಆಸ್ಪತ್ರೆಯ ಕೌಂಟರಿನಲ್ಲಿ ಇಂಗ್ಲಿಷಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಅವೇ.

ಮಲಯಾಳ ಅಕ್ಷರ ಕಲಿತರೆ ಸೋತ ಹಾಗೆ ಎಂದುಕೊಳ್ಳುವ ಹಿರಿಯರು ನಮ್ಮ ನಡುವೆ ಇದ್ದಾರೆ. ಅವರ ನೋವು ಸುಮ್ನೆ ಬಂದದ್ದಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ, ಅಂದರೆ ಇಂದಿನ ಕರ್ನಾಟಕಕ್ಕೆ ಸೇರಲಿ ಎಂದು ಗಡಿ ವಿವಾದಕ್ಕೆಂದು ನೇಮಕವಾದ ಮಹಾಜನ ಆಯೋಗ 1967ರಲ್ಲಿ ಹೇಳಿತ್ತು, ಸೇರಲಿಲ್ಲ. ಆದರೆ ಮಲಯಾಳ ಕಲಿತದ್ದರಿಂದ ನನ್ನ ಕನ್ನಡ ಹೋಗಲಿಲ್ಲ. ಹೋದದ್ದು ಮಗಳದ್ದು, ಅದೂ ನಾನು ಶಾಲೆ ಆರಿಸುವಾಗ ಬೇರೆ ಲೆಕ್ಕ ಹಾಕಿದ್ದರಿಂದ. ಮೊನ್ನೆ ಅವಳ ರೆಸ್ಯೂಮೆ ತಿದ್ದಲು ಕೂತೆ. ಕನ್ನಡದ ಎದುರು "ಮಾತಾಡಲು ಮಾತ್ರ" ಎಂದಿತ್ತು. ನಿಜವನ್ನೇ ಬರೆದಿದ್ದಾಳೆ, ಏನನ್ನು ತಿದ್ದುವುದು?

ನಿಮ್ಮ ಮಕ್ಕಳು ಚಿಕ್ಕವರಾಗಿದ್ದರೆ ಇದನ್ನು ಯೋಚಿಸಿ. ಇಲ್ಲಿ ಇನ್ನೂ ಕನ್ನಡ ಮಾಧ್ಯಮದ ಶಾಲೆಗಳಿವೆ. ಅವುಗಳ ಶಿಕ್ಷಕರ ಹುದ್ದೆಗೆ ಪಿಎಸ್‌ಸಿ ಬೇರೆಯಾಗಿಯೇ ಅರ್ಜಿ ಕರೆಯುತ್ತದೆ. ಕನ್ನಡ ಬಾರದವರನ್ನು ಆ ಶಾಲೆಗಳಿಗೆ ಹಾಕಿದರೆಂದು ಪ್ರತಿಭಟನೆಗಳೂ ಆಗಿವೆ. ಹಾಗಾಗಿ ಹೊಸಬರು ಒಂದು ಕೆಲಸ ಮಾಡಿ. ಯಾವ ತರಗತಿಯಿಂದ ಯಾವ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೀರಿ ಎಂದು ರೆಸ್ಯೂಮೆಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಊರಿನಲ್ಲಿ ಎಲ್ಲರೂ ಓದಿದ್ದು ಹಾಗೇ, ಅದನ್ನೇನು ಬರೆಯುವುದು ಅನ್ನಿಸಬಹುದು. ಇಲ್ಲಿ ಬರೆಯಬೇಕು. ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಶಾಲೆಯಿಂದ ಅದಕ್ಕೊಂದು ಪ್ರಮಾಣಪತ್ರ ತೆಗೆಸಿಕೊಂಡೇ ಬನ್ನಿ.