ಚಾಂದ್ರ ದಿನದ ಭಾಷಣ ಇಂಗ್ಲಿಷಿನಲ್ಲಿ: ಕನ್ನಡ ಮೀಡಿಯಂ ಮಕ್ಕಳು ಹೀಗೆ ಅಭ್ಯಾಸ ಮಾಡಿ

ಜುಲೈ 21 ಹತ್ತಿರ ಬಂತೆಂದರೆ ಕಾಸರಗೋಡಿನ ಶಾಲೆಗಳಲ್ಲಿ ಚಾಂದ್ರ ದಿನದ, ಅಂದರೆ ಮನುಷ್ಯ ಮೊದಲು ಚಂದ್ರನ ಮೇಲೆ ಕಾಲಿಟ್ಟ ನೆನಪಿನ ದಿನದ, ತಯಾರಿ ಶುರು. ಚಾರ್ಟ್, ಕ್ವಿಜ್, ರಟ್ಟಿನ ರಾಕೆಟ್, ಭಾಷಣ. ಚಂದ್ರಯಾನದ ಬಗ್ಗೆ ಕನ್ನಡದಲ್ಲಿ ನಿಲ್ಲಿಸದೆ ಮಾತಾಡುವ ಮಕ್ಕಳು ಕುಂಬಳೆಯಲ್ಲೂ ಇದ್ದಾರೆ, ಪೆರ್ಲದಲ್ಲೂ ಇದ್ದಾರೆ. ಅದನ್ನೇ ಇಂಗ್ಲಿಷಿನಲ್ಲಿ ಹೇಳು ಎಂದರೆ ಬಾಯಿ ಕಟ್ಟುತ್ತದೆ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ, ಪ್ಲಸ್ ವನ್‌ಗೆ (ಹನ್ನೊಂದನೇ ಕ್ಲಾಸಿಗೆ) ಹೋದ ಕೂಡಲೇ ಫಿಸಿಕ್ಸ್ ಇಂಗ್ಲಿಷಿನಲ್ಲಿ ಎದುರಾದಾಗ ಎಷ್ಟೋ ಜಾಣ ಮಕ್ಕಳು ಹಿಂದಿನ ಬೆಂಚಿಗೆ ಸರಿಯುತ್ತಾರೆ. ಹಾಗಾಗಬಾರದು. ಚೆನ್ನಾಗಿ ಗೊತ್ತಿರುವ ವಿಷಯವನ್ನೇ ಹಿಡಿದು ಅಭ್ಯಾಸ ಮಾಡಿದರೆ ಇಂಗ್ಲಿಷ್ ಬೇಗ ಬರುತ್ತದೆ, ಯಾಕೆಂದರೆ ಆಗ ಹೊಸದು ಭಾಷೆ ಮಾತ್ರ, ವಿಷಯ ಅಲ್ಲ.

ಮೊದಲು ಒಂದೇ ಒಂದು ಯಾನ ಆರಿಸಿಕೊಳ್ಳಿ. ಇಡೀ ಬಾಹ್ಯಾಕಾಶ ಬೇಡ. ಚಂದ್ರಯಾನ-3 ಅಂದುಕೊಳ್ಳೋಣ. ಅದರ ಮುಖ್ಯ ಸಂಗತಿಗಳನ್ನು ಕನ್ನಡದಲ್ಲೇ ಬರೆಯಿರಿ: 2023ರ ಜುಲೈ 14ರಂದು ಮಧ್ಯಾಹ್ನ 2:35ಕ್ಕೆ ಶ್ರೀಹರಿಕೋಟದಿಂದ ಹೊರಟಿತು, ಒಯ್ದ ರಾಕೆಟ್ ಎಲ್‌ವಿಎಂ3, ಆಗಸ್ಟ್ 23ರ ಸಂಜೆ 6:04ಕ್ಕೆ ಅದರ ಲ್ಯಾಂಡರ್ ವಿಕ್ರಮ್ ಚಂದ್ರನ ಮೇಲೆ ಇಳಿಯಿತು, ಅದರೊಳಗಿಂದ 26 ಕಿಲೋ ತೂಕದ ಪ್ರಜ್ಞಾನ್ ಎಂಬ ಪುಟ್ಟ ಗಾಡಿ ಹೊರಬಂತು. ಇಷ್ಟು ಸಾಕು. ಇನ್ನೂ ಇಂಗ್ಲಿಷ್ ಮುಟ್ಟಬೇಡಿ.

ಆಮೇಲೆ ಕೇಳಿ. ಇಸ್ರೋದ ಯೂಟ್ಯೂಬ್ ಚಾನೆಲಿನಲ್ಲಿ ಹಳೆಯ ಉಡಾವಣೆಗಳ ವಿಡಿಯೋ ಸಿಗುತ್ತದೆ. ಅಲ್ಲಿ ಮಾತಾಡುವವರು ನಮ್ಮ ದೇಶದವರೇ, ಹಾಗಾಗಿ ಅವರ ಇಂಗ್ಲಿಷ್ ನಮ್ಮ ಕಿವಿಗೆ ಹತ್ತಿರ. ಪೂರ್ತಿ ವಿಡಿಯೋ ನೋಡುತ್ತಾ ಕೂರಬೇಡಿ, ರಾಕೆಟ್ ಮೇಲೆದ್ದ ನಂತರದ ಎರಡು ಮೂರು ನಿಮಿಷ ಸಾಕು. ಸ್ಪೀಡನ್ನು 0.75ಕ್ಕೆ ಇಳಿಸಿ. ಮೊದಲ ಸಲ ಸುಮ್ನೆ ಕೇಳಿ, ಎರಡನೇ ಸಲ ಕಿವಿಗೆ ಬಿದ್ದ ಪದಗಳನ್ನು ಗೀಚಿಕೊಳ್ಳಿ, ಮೂರನೇ ಸಲ ಅವರ ಬೆನ್ನಿಗೇ ನೀವೂ ಜೋರಾಗಿ ಹೇಳಿ. ‘ಲಿಫ್ಟ್ ಆಫ್’, ‘ಇಗ್ನಿಷನ್’, ‘ಸೆಪರೇಷನ್’, ‘ಪರ್ಫಾರ್ಮೆನ್ಸ್ ನಾರ್ಮಲ್’ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಡಿಕ್ಷನರಿ ತೆಗೆಯುವ ಮೊದಲೇ ಅರ್ಧ ಅರ್ಥವಾಗಿರುತ್ತದೆ.

ಈಗ ವಾಕ್ಯ ಕಟ್ಟುವುದು. ಇದಕ್ಕೆ ಜಾಸ್ತಿ ಸಮಯ ಕೊಡಿ, ತಪ್ಪುಗಳೆಲ್ಲ ಇಲ್ಲಿಯೇ ಆಗುವುದು. ರಾಕೆಟನ್ನು ಬೇರೆಯವರು ಹಾರಿಸುತ್ತಾರೆ, ಅದಕ್ಕೆ ‘ಚಂದ್ರಯಾನ್ ತ್ರೀ ವಾಸ್ ಲಾಂಚ್ಡ್ ಫ್ರಮ್ ಶ್ರೀಹರಿಕೋಟ’. ನಾಸಾದವರು ‘ವಾಸ್’ ಬಿಟ್ಟೂ ಬರೆಯುವುದುಂಟು, ಆದರೆ ಪರೀಕ್ಷೆಯಲ್ಲಿ ‘ವಾಸ್’ ಇರಲಿ. ಇಳಿಯುವುದು ಹಾಗಲ್ಲ, ‘ವಿಕ್ರಮ್ ಲ್ಯಾಂಡೆಡ್ ಆನ್ ದ ಮೂನ್’, ಅಲ್ಲಿ ‘ವಾಸ್’ ಬರುವುದಿಲ್ಲ. ಮೂನ್, ಸನ್, ಅರ್ತ್ ಮುಂದೆ ‘ದ’ ಹಾಕಿ. ಮಾರ್ಸ್, ವೀನಸ್ ಮುಂದೆ ಹಾಕಬೇಡಿ. ಚಂದ್ರನ ಮೇಲೆ ‘ಆನ್’, ಕಕ್ಷೆಯಲ್ಲಿ ‘ಇನ್ ಆರ್ಬಿಟ್’, ಭೂಮಿಯ ಸುತ್ತ ‘ಅರೌಂಡ್ ದ ಅರ್ತ್’.

ಒಂದಾದ ಮೇಲೊಂದು ನಡೆದದ್ದನ್ನು ಹೇಳಲು ರಾಕೆಟ್‌ಗಿಂತ ಒಳ್ಳೆ ವಿಷಯ ಇಲ್ಲ. ಎಲ್‌ವಿಎಂ3 ಏಳುವಾಗ ಪಕ್ಕದ ಎರಡು ಎಸ್200 ಘನ ಇಂಧನ ಮೋಟಾರುಗಳು ಉರಿಯುತ್ತವೆ. ಅವು ಕಳಚಿ ಬೀಳುವ ಮೊದಲೇ ನಡುವಿನ ಎಲ್110 ದ್ರವ ಇಂಧನ ಹಂತ ಹೊತ್ತಿಕೊಳ್ಳುತ್ತದೆ. ಕೊನೆಗೆ ಮೇಲಿನ ಸಿ25 ಕ್ರಯೋಜೆನಿಕ್ ಹಂತ, ಅಂದರೆ ಅತಿ ತಣ್ಣನೆಯ ದ್ರವ ಇಂಧನದ್ದು. ಇದನ್ನು ‘ಫಸ್ಟ್’, ‘ಬಿಫೋರ್’, ‘ಆಫ್ಟರ್ ದಟ್’, ‘ಫೈನಲಿ’ ಹಾಕಿ ನಾಲ್ಕು ವಾಕ್ಯಗಳಲ್ಲಿ ಹೇಳಿ ನೋಡಿ. ಇಷ್ಟು ತಡವರಿಸದೆ ಬಂದರೆ ಲ್ಯಾಬಿನ ಪ್ರಯೋಗ ವಿವರಿಸುವುದೂ ಬರುತ್ತದೆ.

ಅಂಕಿಗಳ ವಿಷಯ ಬೇಗ ಮುಗಿಸೋಣ. 10 ಲಕ್ಷ ಅಂದರೆ ಒಂದು ಮಿಲಿಯನ್, 100 ಕೋಟಿ ಅಂದರೆ ಒಂದು ಬಿಲಿಯನ್. ಸೂರ್ಯನನ್ನು ಗಮನಿಸುವ ಇಸ್ರೋ ನೌಕೆ ಆದಿತ್ಯ-ಎಲ್1 ಇರುವುದು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ, ಅದು ‘ಒನ್ ಪಾಯಿಂಟ್ ಫೈವ್ ಮಿಲಿಯನ್ ಕಿಲೋಮೀಟರ್ಸ್’. ಸೂರ್ಯ ಸುಮಾರು 15 ಕೋಟಿ ಕಿಲೋಮೀಟರ್, ಅಂದರೆ ‘ಒನ್ ಹಂಡ್ರೆಡ್ ಆಂಡ್ ಫಿಫ್ಟಿ ಮಿಲಿಯನ್’. ಆದಿತ್ಯ ಸೂರ್ಯನ ಹತ್ತಿರ ಹೋಗಿದೆ ಎಂದು ಭಾಷಣದಲ್ಲಿ ಹೇಳುವವರಿದ್ದಾರೆ. ಅದು ಹೋಗಿರುವುದು ದಾರಿಯ ನೂರರಲ್ಲಿ ಒಂದು ಪಾಲು ಮಾತ್ರ.

ಕಣ್ಣಾರೆ ಕಂಡದ್ದನ್ನು ಹೇಳುವುದೂ ಬೇಕಲ್ವಾ? ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನಮ್ಮ ಊರಿನ ಮೇಲಿಂದಲೂ ಹಾದುಹೋಗುತ್ತದೆ. ಸುಮಾರು 400 ಕಿಲೋಮೀಟರ್ ಎತ್ತರ, ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗ, ಭೂಮಿಗೆ ಒಂದು ಸುತ್ತಿಗೆ ಒಂದೂವರೆ ಗಂಟೆ. ಯಾವ ಹೊತ್ತಿಗೆ ಯಾವ ದಿಕ್ಕಿನಲ್ಲಿ ಕಾಣುತ್ತದೆ ಎಂದು ನಾಸಾದ ‘ಸ್ಪಾಟ್ ದ ಸ್ಟೇಷನ್’ನಲ್ಲಿ ನೋಡಿಕೊಳ್ಳಿ. ಮಳೆಗಾಲದಲ್ಲಿ ಮೋಡ, ಡಿಸೆಂಬರ್ ನಂತರ ಒಳ್ಳೆಯದು. ಮನೆಯಂಗಳ ಸಾಕು, ಮಂಜೇಶ್ವರ ಕಡೆಯವರಿಗೆ ಕಡಲ ತೀರವೂ ಇದೆ. ಚುಕ್ಕಿ ಸಾಗುತ್ತಿರುವಾಗ ‘ಇಟ್ ಈಸ್ ಮೂವಿಂಗ್ ಟುವರ್ಡ್ಸ್ ದ ಸೌತ್’ ಎಂದು ಹೇಳಿ. ಮರುದಿನ ಅದನ್ನೇ ಡೈರಿಯಲ್ಲಿ ‘ಇಟ್ ಮೂವ್ಡ್’ ಎಂದು ಬರೆಯಿರಿ. ಕಾಲಗಳ ಪಾಠ ಇದಕ್ಕಿಂತ ಸುಲಭವಾಗಿ ತಲೆಗೆ ಹೋಗುವುದಿಲ್ಲ.

ಇನ್ನು ಪ್ರಶ್ನೆ ಕೇಳುವುದು. ಇಬ್ಬರು ಸೇರಿ, ಒಬ್ಬರು ಪತ್ರಕರ್ತ, ಇನ್ನೊಬ್ಬರು ವಿಜ್ಞಾನಿ. ವಿಷಯ ನಮ್ಮ ರಾಜ್ಯದ್ದೇ ಆಗಲಿ, ತಿರುವನಂತಪುರದ ‘ತುಂಬಾ’ ಎಂಬ ಊರು. 1963ರ ನವೆಂಬರ್ 21ರಂದು ಭಾರತದಿಂದ ಮೊದಲ ರಾಕೆಟ್ ಹಾರಿದ್ದು ಅಲ್ಲಿಂದ, ಅದು ಅಮೆರಿಕದ ನೈಕಿ-ಅಪಾಚೆ. ಮೀನುಗಾರರ ಆ ಊರಿನ ಮೇರಿ ಮ್ಯಾಗ್ಡಲೀನ್ ಚರ್ಚೇ ಆಗ ವಿಜ್ಞಾನಿಗಳ ಆಫೀಸು, ಈಗ ಅದು ಮ್ಯೂಸಿಯಂ. ‘ವೈ ದೇ ಚೋಸ್ ತುಂಬಾ?’ ಎಂದು ಕೇಳುವುದು ತಪ್ಪು. ‘ವೈ ಡಿಡ್ ದೇ ಚೂಸ್ ತುಂಬಾ?’ ಸರಿ. ‘ಬಿಕಾಸ್ ಇಟ್ ಈಸ್ ನಿಯರ್ ದ ಮ್ಯಾಗ್ನೆಟಿಕ್ ಈಕ್ವೇಟರ್’ (ಭೂಮಿಯ ಕಾಂತೀಯ ಸಮಭಾಜಕ ರೇಖೆ) ಎಂದು ಉತ್ತರ. ಆಮೇಲೆ ಪಾತ್ರ ಬದಲಿಸಿ.

ಇಷ್ಟಾದ ಮೇಲೆ ಭಾಷಣ. ಮಾಷ್ಟ್ರು ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಬೇಡಿ, ನಡುವೆ ಒಂದು ಪದ ಮರೆತರೆ ಉಳಿದದ್ದೆಲ್ಲ ಹೋಗುತ್ತದೆ. ಚೀಟಿಯಲ್ಲಿ ತಾರೀಕು, ಹೆಸರು, ಅಂಕಿ ಮಾತ್ರ ಇರಲಿ. ಮೂರು ನಿಮಿಷ ಮಾತಾಡಿ, ಅಮ್ಮನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕೇಳಿ, ಮತ್ತೆ ಮಾತಾಡಿ. ಚಾಂದ್ರ ದಿನ ಯಾಕೆ 21ಕ್ಕೆ, ಪುಸ್ತಕದಲ್ಲಿ 20 ಅಂತ ಇದೆಯಲ್ಲ ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಿರಲಿ: 1969ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟಾಗ ಅಮೆರಿಕದಲ್ಲಿ 20ರ ರಾತ್ರಿ, ನಮ್ಮಲ್ಲಿ 21ರ ಬೆಳಗ್ಗೆ.

ಎಲ್ಲರೂ ಚಂದ್ರಯಾನವನ್ನೇ ಹಿಡಿದಿದ್ದರೆ ನೀವು ನಾಸಾದ ವಾಯೇಜರ್ ಆರಿಸಿ. 1977ರಲ್ಲಿ ಹೊರಟ ಆ ಎರಡು ನೌಕೆಗಳಲ್ಲಿರುವ ಚಿನ್ನದ ಲೇಪದ ಧ್ವನಿಮುದ್ರಿಕೆ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯ ಇದೆ, ಅದರಲ್ಲಿ ಕನ್ನಡವೂ ಒಂದು. ಅಧ್ಯಾಪಕರಲ್ಲಿ ಒಂದು ವಿನಂತಿ: ಮಗು ಮಾತಾಡುತ್ತಿರುವಾಗ ನಡುವೆ ನಿಲ್ಲಿಸಿ ತಿದ್ದಬೇಡಿ. ತಪ್ಪುಗಳನ್ನು ಬರೆದಿಟ್ಟುಕೊಳ್ಳಿ, ಮುಗಿದ ಮೇಲೆ ಹತ್ತಿರ ಕರೆದು ಎರಡೋ ಮೂರೋ ಹೇಳಿ, ಉಳಿದದ್ದು ಮುಂದಿನ ಸಲಕ್ಕೆ.